ಹುಣಸೆಹಣ್ಣಿಗೆ ಸವೆದ ಪದಕ

ನಮ್ಮ ಮನೆಗೂ ಖಾಲಾನ ಮನೆಗೂ ನಡುವೆ ಒಂದೇ ಗೋಡೆ. ಶಹಾಬಾದದ ಹಳೆಯ ಗೋಡೆಗಳ ಹಾಗೆ ಅದೂ ಫರಸಿಕಲ್ಲನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ್ದು. ಅತ್ತ ಮೆಣಸಿನಕಾಯಿ ಹುರಿದರೆ ಇತ್ತ ನಾವು ಕೆಮ್ಮುತ್ತೇವೆ. ಇತ್ತ ನಮ್ಮಲ್ಲಿ ಜಗಳವಾದರೆ ಅತ್ತಲಿಂದ ತೀರ್ಪು ಬರುತ್ತದೆ. ಖಾಲಾ ಎಂದರೆ ಅವ್ವನ ಅಕ್ಕತಂಗಿ. ರಕ್ತ ನೋಡಿದರೆ ಅವಳು ನನಗೆ ಏನೂ ಆಗಬೇಕಿಲ್ಲ. ನಮ್ಮವ್ವ ಕೊರಳಲ್ಲಿ ಲಿಂಗ ಕಟ್ಟಿದವಳು, ಖಾಲಾ ಐದು ಹೊತ್ತು ನಮಾಜಿನವಳು. ಆದರೆ ಇಬ್ಬರೂ ಒಂದೇ ಬೀಸುಕಲ್ಲಿನ ಗೂಟಕ್ಕೆ ಕೈಹಾಕಿ ಜೋಳ ಬೀಸಿದವರು. ಅವ್ವ ಹೋದ ಮೇಲೆ ಆ ಗೂಟ ಹಿಡಿದು ಕೂತು ಮೂರು ದಿನ ಅತ್ತವಳು ಖಾಲಾ. ನನಗೆ ಬರುವ ಅಷ್ಟಿಷ್ಟು ಮಾತು ಈ ಇಬ್ಬರ ಬೀಸುಕಲ್ಲಿನ ಸುತ್ತ ಉದುರಿದ್ದು, ಆರಿಸಿಕೊಂಡೆ, ಅಷ್ಟೆ.

ಹಬ್ಬ ಎರಡು ದಿನ ಇದೆ ಎನ್ನುವಾಗ ಖಾಲಾನ ಅಂಗಳದಲ್ಲಿ ಬೆಳ್ಳಿ ತಿಕ್ಕುವ ಕೆಲಸ. ಬೆಳ್ಳಿ ಅಂದರೆ ದೊಡ್ಡದೇನಲ್ಲ. ಒಂದು ಪಾನದಾನ, ಒಂದು ಅತ್ತರದಾನಿ, ಅವಳ ಮದುವೆಯ ಕಾಲುಚೈನು. ಕೊನೆಗೆ ಅವಳ ಅಬ್ಬಾನ ತಮಗಾ. ತಮಗಾ ಅಂದರೆ ಪದಕ. ಮೊದಲು ಅವಳ ಅಮ್ಮಿ ತಿಕ್ಕುತ್ತಿದ್ದಳಂತೆ, ನಾನು ನೋಡುವ ಹೊತ್ತಿಗೆ ಖಾಲಾ. ಹುಣಸೆಹಣ್ಣು ನೆನೆಸಿ, ಅದಕ್ಕೆ ಒಲೆಯ ಬೂದಿ ಕಲಸಿ, ತೆಂಗಿನ ನಾರಿನಿಂದ ಮೇಲೆ ಕೆಳಗೆ ಅಂಚು ಎಲ್ಲ ಬಿಡದೆ ತಿಕ್ಕುವುದು. ಉಳಿದ ಸಾಮಾನು ಬೇಗ ಮುಗಿಯುತ್ತಿತ್ತು. ತಮಗಾಕ್ಕೆ ಮಾತ್ರ ಅವಳ ಕೈ ಬಿಡುತ್ತಿರಲಿಲ್ಲ.

"ಸಾಕು ಖಾಲಾ, ಹೊಳೀಲಿಕತ್ತದಲ್ಲ," ಎಂದರೆ, "ನಿಮ್ಮಪ್ಪಗ ಸ್ನಾನ ಮಾಡಸೋ ಹೊತ್ತಿನಾಗ ಸಾಕು ಅಂತಿದ್ದೆ ಏನು?" ಎನ್ನುವಳು.

ಆ ಪದಕವನ್ನು ಈಗ ಯಾರಿಗೂ ಕೊಡುವುದಿಲ್ಲ. ಇಂಗ್ಲಿಷರ ಸೈನ್ಯದಲ್ಲಿ ಸಾಹೇಬರಿಗೆ ಬೇರೆ ಪದಕ, ನಮ್ಮ ಕಡೆಯ ಸಿಪಾಯಿಗಳಿಗೆ ಬೇರೆ ಪದಕ ಇದ್ದ ಕಾಲದ್ದು. ಸಿಪಾಯಿ ಧೈರ್ಯ ತೋರಿದರೆ ಕೊಡುತ್ತಿದ್ದ ಬೆಳ್ಳಿಯ ಬಿಲ್ಲೆ ಅದು. ಒಂದು ಮಗ್ಗುಲಿಗೆ ರಾಜನ ಮುಖ, ಇನ್ನೊಂದು ಮಗ್ಗುಲಿಗೆ ಎಲೆಗಳ ಮಾಲೆ, ಮಾಲೆಯೊಳಗೆ ಇಂಗ್ಲಿಷ್ ಅಕ್ಷರ. ಕೆಂಪು ಪಟ್ಟಿಗೆ ಎರಡೂ ಅಂಚಿನಲ್ಲಿ ಕಡುನೀಲಿ ಇದ್ದ ರಿಬ್ಬನ್ನಿಗೆ ಅದನ್ನು ತೂಗುಹಾಕುತ್ತಿದ್ದರು. ದೇಶ ಸ್ವತಂತ್ರವಾದ ವರ್ಷಕ್ಕೇ ಅದು ನಿಂತುಹೋಯಿತು. ಪಡೆದವನ ಹೆಸರು, ನಂಬರು ಪದಕದ ಅಂಚಿನ ಸುತ್ತ ಸಣ್ಣದಾಗಿ ಕೊರೆದಿರುತ್ತಿತ್ತು ಎಂಬುದು ನನಗೆ ತಿಳಿದದ್ದು ಹೋದ ವರ್ಷ. ಅಷ್ಟೊತ್ತಿಗೆ ತಿಳಿದು ಉಪಯೋಗವಿರಲಿಲ್ಲ.

ಅವಳ ಅಬ್ಬಾನಿಗೆ ಅದು ಬಂದದ್ದು ಬರ್ಮಾದ ಕಡೆ, ಹೊಳೆಯೊಂದರ ದಂಡೆಯಲ್ಲಿ. ಆ ಕತೆ ನಮ್ಮ ಓಣಿಗೆಲ್ಲ ಬಾಯಿಪಾಠ. ಯಾಕೆಂದರೆ ಅದನ್ನು ವರ್ಷಕ್ಕೊಮ್ಮೆ ಹೇಳಲೇಬೇಕೆಂಬ ಪದ್ಧತಿ ಇತ್ತು. ಹೇಳುತ್ತಿದ್ದವರು ಖಾಲಾನ ಮನೆಯವರಲ್ಲ, ನಾಲವಾರ ಎಂಬ ಊರಿನವರು.

ಹೊಳೆಯ ಆಚೆ ದಂಡೆಯಲ್ಲಿ ತೊಡೆಗೆ ಗುಂಡು ತಗುಲಿ ಬಿದ್ದಿದ್ದವನು ನಾಲವಾರದ ಒಕ್ಕಲುತನದ ಮನೆಯ ಒಬ್ಬ ಹುಡುಗ, ಅಬ್ಬಾನದೇ ತುಕಡಿಯ ಸಿಪಾಯಿ. ಮಳೆಗಾಲ, ಹೊಳೆ ತುಂಬಿತ್ತು. ಕತ್ತಲಾಗಲಿ, ಆಮೇಲೆ ನೋಡೋಣ ಎಂದರಂತೆ ಮೇಲಿನವರು. ಕತ್ತಲಾಗುವವರೆಗೆ ಅವನಲ್ಲಿ ರಕ್ತ ಉಳಿಯುವುದಿಲ್ಲವೆಂದು ಖಾಲಾನ ಅಬ್ಬಾ ಯಾರನ್ನೂ ಕೇಳದೆ ನೀರಿಗಿಳಿದರು. ಅವರು ಈಜು ಕಲಿತದ್ದು ನಮ್ಮ ಊರಿನ ಕಲ್ಲಿನ ಖಣಿಗಳಲ್ಲಿ. ಕಲ್ಲು ತೆಗೆದು ಬಿಟ್ಟ ಖಣಿಯಲ್ಲಿ ಮಳೆನೀರು ನಿಂತರೆ ಊರ ಹುಡುಗರೆಲ್ಲ ಅದಕ್ಕೇ ಬೀಳುವುದು. ಆದರೆ ಅಲ್ಲಿ ಕಾವಲುಗಾರ ಇರುತ್ತಾನೆ, ನೀರು ಸದ್ದು ಮಾಡಿದರೆ ಬಡಿಗೆ ತಗೊಂಡು ಬರುತ್ತಾನೆ. ಹೀಗಾಗಿ ಶಹಾಬಾದದ ಹುಡುಗರ ಈಜೇ ಬೇರೆ. ಕೈ ಎತ್ತುವುದಿಲ್ಲ, ಕಾಲು ಬಡಿಯುವುದಿಲ್ಲ, ಮೂಗಷ್ಟೇ ಮೇಲೆ. ಕಾವಲುಗಾರನ ಬಡಿಗೆಗೆ ಹೆದರಿ ಕಲಿತ ಈಜು ಬರ್ಮಾದಲ್ಲಿ ಮಷೀನುಗನ್ನಿನ ಎದುರು ಕೆಲಸಕ್ಕೆ ಬಂತು. ತಲೆಯ ಪಟಕಾ ಬಿಚ್ಚಿ, ಗಾಯಾಳುವನ್ನು ಬೆನ್ನಿಗೆ ಬಿಗಿದುಕೊಂಡು, ಸದ್ದಿಲ್ಲದೆ ಹೊಳೆ ದಾಟಿ ತಂದರು.

ನಡುನೀರಿನಲ್ಲಿ ಬೆನ್ನ ಮೇಲಿದ್ದ ನಾಲವಾರದವರು ಕಿವಿಯಲ್ಲಿ ಅಂದರಂತೆ: "ಲೇ, ನನ್ನ ಒಂದು ಬೂಟು ಆ ಕಡಿ ಉಳೀತಲೇ."

ಖಾಲಾನ ಅಬ್ಬಾ ಅಂದರಂತೆ: "ಸುಮ್ಮಕಿರಲೇ. ಬೂಟಿಗೂ ಒಂದು ತಮಗಾ ಕೊಡ್ತಾರಂದ್ರ ಹೊಳ್ಳಿ ಹೋಗ್ತೀನಿ."

ಯುದ್ಧ ಮುಗಿದ ಮೇಲೆ ಖಾಲಾನ ಅಬ್ಬಾ ಸೈನ್ಯ ಬಿಟ್ಟು ಬಂದು ಕಲ್ಲಿನ ಕೆಲಸ ಹಿಡಿದರು. ನಾಲವಾರದವರು ಸೈನ್ಯದಲ್ಲೇ ಉಳಿದರು. ಹೊಸ ಸರ್ಕಾರ ಬಂದ ಮೇಲೆ ಅದರ ಸೈನ್ಯದಲ್ಲಿ ಸುಬೇದಾರರಾದರು, ಮುಂದಿನ ಯುದ್ಧದಲ್ಲಿ ಹೊಸ ಸರ್ಕಾರದ ಪದಕವನ್ನೂ ಪಡೆದರು. ಅವರ ಧೈರ್ಯದ ಬಗ್ಗೆ ನನ್ನದು ಒಂದು ಮಾತೂ ಇಲ್ಲ. ಇಟ್ಟುಕೊಂಡಿದ್ದ ನೇಮವೂ ದೊಡ್ಡದೇ. ಪ್ರತಿ ವರ್ಷ ಹೊಲದಲ್ಲಿ ಜೋಳ ಹಾಲುಗಾಳಾದಾಗ, ಮೊದಲ ಸೀತನಿ ಖಾಲಾನ ಮನೆಗೆ. ಎಳೆಯ ತೆನೆಯನ್ನು ಕುಳ್ಳಿನ, ಅಂದರೆ ಬೆರಣಿಯ, ಕೆಂಡದಲ್ಲಿ ಸುಟ್ಟು, ಬಿಸಿಯಿದ್ದಾಗಲೇ ಅಂಗೈಯಲ್ಲಿ ತಿಕ್ಕಿ, ಕೇರಿ, ಹಸಿರುಗಾಳು ತಿನ್ನುವುದೇ ಸೀತನಿ. ತೆನೆಯ ಗಂಟು ಹೊತ್ತು ಸುಬೇದಾರರು ರೈಲಿಗೆ ಬರುತ್ತಿದ್ದರು. ಅಂಗಳದಲ್ಲಿ ಕುಳ್ಳು ಹೊತ್ತಿಸಿ ಕೂಡುತ್ತಿದ್ದರು. ಆದರೆ ಹೊಳೆಯ ಕತೆ ಹೇಳಿ ಮುಗಿಸದೆ ಯಾರೂ ಒಂದು ಕಾಳು ಬಾಯಿಗೆ ಹಾಕುವಂತಿಲ್ಲ. ಬೂಟಿನ ಮಾತು ಬಂದಾಗ ಎಲ್ಲರೂ ನಗಬೇಕು. ನಕ್ಕ ಮೇಲೆ ಸೀತನಿ, ಶೇಂಗಾ ಹಿಂಡಿ, ಬೆಲ್ಲ. ಖಾಲಾನ ಅಬ್ಬಾ ಮಾತ್ರ ಆ ಕತೆಯ ಹೊತ್ತಿಗೆ ಎದ್ದು ಎಲ್ಲೋ ಹೋಗಿಬಿಡುತ್ತಿದ್ದರಂತೆ. ತಮ್ಮ ಹೊಗಳಿಕೆ ಕೇಳಲು ನಾಚಿಕೆ.

ಇಬ್ಬರೂ ತೀರಿಕೊಂಡ ಮೇಲೆ ಸುಬೇದಾರರ ಮಗ ಆ ನೇಮ ಹಿಡಿದರು. ವಾಡಿಯಲ್ಲಿ ಅವರದು ಬಟ್ಟೆ ಅಂಗಡಿ. ನಾನು ಕಾಕಾ ಎನ್ನುತ್ತೇನೆ. ಅವರು ಖಾಲಾನನ್ನು ಆಪಾ ಎನ್ನುತ್ತಾರೆ, ಖಾಲಾ ಅವರನ್ನು ತಮ್ಮಾ ಎನ್ನುತ್ತಾಳೆ. ಕಾಕಾ ಕತೆ ಹೇಳುವುದರಲ್ಲಿ ಅಪ್ಪನಿಗಿಂತ ಒಂದು ಕೈ ಮೇಲು. ನೀರಿನ ಸದ್ದು ಬಾಯಲ್ಲೇ ತೆಗೆಯುತ್ತಿದ್ದರು. "ಆಪಾ, ನಿಮ್ಮಬ್ಬಾ ಇರಲಿಲ್ಲಂದ್ರ ನಾ ಎಲ್ಲಿ, ನನ್ನ ಅಂಗಡಿ ಎಲ್ಲಿ," ಎಂದು ಪ್ರತಿ ವರ್ಷ ಕಣ್ಣೊರೆಸಿಕೊಳ್ಳುತ್ತಿದ್ದರು. ಅದೂ ನಾಟಕವಲ್ಲ, ಖರೆಯೇ.

ಹೋದ ವರ್ಷ ಹಿರಿಯರು ಕೆಲವರು ಸೇರಿ ಒಂದು ಕಮಿಟಿ ಮಾಡಿದರು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಕಡೆಯ ಊರುಗಳಿಂದ ಸೈನ್ಯಕ್ಕೆ ಹೋಗಿ ಶೌರ್ಯಕ್ಕೆ ಪದಕ ತಂದವರ ಹೆಸರನ್ನು ಕಲ್ಲಿನಲ್ಲಿ ಕೊರೆಸಿ ನಿಲ್ಲಿಸುವುದು ಅವರ ವಿಚಾರ. ವಿಚಾರ ಒಳ್ಳೆಯದೇ. ಕಲ್ಲಿಗಾಗಿ ಅವರು ಬಂದದ್ದು ಖಾಲಾನ ಮಗನ ಹತ್ತಿರ. ಅವನಿಗೆ ಕಲ್ಲು ಪಾಲಿಶ್ ಮಾಡುವ ಮಷೀನು ಇದೆ. ಕಾಕಾನೇ ಕರೆದುಕೊಂಡು ಬಂದಿದ್ದರು. ಖಾಲಾ ಒಳಗಿನಿಂದಲೇ ಕೂಗಿ ಹೇಳಿದಳು: "ರೊಕ್ಕದ ಮಾತು ತೆಗೀಬ್ಯಾಡ್ರಿ. ನಮ್ಮಬ್ಬಾನ ಹೆಸರು ಬರೋ ಕಲ್ಲಿಗೆ ನಾವು ರೊಕ್ಕ ಇಸಗೊಳ್ಳೋದಾ? ಒಂದೂ ಗೆರಿ ಇರದ ಕಲ್ಲು ಆರಿಸಿ ಕೊಡ್ತಾನ ನನ್ನ ಮಗ."

ಬಂದವರು ಹೂಂ ಎಂದು ಚಹಾ ಕುಡಿದರು. ಕಾಕಾ ಕೂಡ ಹೂಂ ಎಂದರು.

ಆ ದಿನದಿಂದ ಖಾಲಾನ ನಡಿಗೆಯೇ ಬದಲಾಯಿತು. ಅಷ್ಟು ವರ್ಷ ಆ ಪದಕ ತಿಕ್ಕುವ ದಿನ ಬಿಟ್ಟರೆ ಪೆಟ್ಟಿಗೆಯ ತಳದಲ್ಲಿ ಬಟ್ಟೆಯೊಳಗೆ ಇದ್ದದ್ದು. ನಿಜಾಮನ ರಾಜ್ಯಕ್ಕೆ ಭಾರತದ ಸೈನ್ಯ ಬಂದ ಪೋಲೀಸ್ ಆಕ್ಷನ್ನಿನ ವರ್ಷ ಯಾರು ಯಾವ ಸೈನ್ಯದವನೆಂದು ಕೇಳಿ ತಿಳಿದುಕೊಳ್ಳುವ ತಾಳ್ಮೆ ಯಾರಿಗೂ ಇರಲಿಲ್ಲ. ಮುಸಲ್ಮಾನರ ಮನೆಯಲ್ಲಿ ಸಿಪಾಯಿಯ ವರ್ದಿ ಬಟ್ಟೆ ಸಿಕ್ಕರೆ ಸಾಕು, ರಜಾಕಾರನೆಂದು ಹಿಡಿಯುತ್ತಿದ್ದರು. ಅವಳ ಅಮ್ಮಿ ವರ್ದಿ, ಕಾಗದ, ಪತ್ರ ಎಲ್ಲವನ್ನೂ ಒಲೆಗೆ ಹಾಕಿ ಪದಕವನ್ನು ನೆಲದೊಳಗಿನ ಜೋಳದ ಹಗೇವಿನಲ್ಲಿ ಇಳಿಸಿದ್ದಳಂತೆ. ಬೆಂಕಿಗೆ ಹೋಗದೆ ಉಳಿದದ್ದು ಬೆಳ್ಳಿ ಒಂದೇ. ಅಬ್ಬಾ ಸಾಯುವವರೆಗೂ ಅದನ್ನು ಒಂದು ದಿನ ಎದೆಗೆ ಸಿಕ್ಕಿಸಲಿಲ್ಲ. ಈಗ ಸಂತೆಗೆ ಹೋದರೂ ಖಾಲಾ ಗುರುತಿನವರನ್ನು ನಿಲ್ಲಿಸಿ ಹೇಳುವಳು: "ನಮ್ಮಬ್ಬಾನ ಹೆಸರು ಕಲ್ಲಿನಾಗ ಬರ್ಲಿಕತ್ತದ. ನೋಡ್ಲಾಕ ಬರ್ರಿ."

ಹೆಸರು ಗೊತ್ತುಮಾಡುವ ಸಭೆಗೆ ನಾನೇ ಅವಳನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಹೋಗುವ ಮುಂಚೆ ಪದಕವನ್ನು ಮತ್ತೊಮ್ಮೆ ಹುಣಸೆಹಣ್ಣಿನಿಂದ ತಿಕ್ಕಿದಳು. ಹೊಸ ರೂಪಾಯಿಯ ಹಾಗೆ ಹೊಳೆಯುತ್ತಿತ್ತು.

ಕಮಿಟಿಯವರಲ್ಲಿ ಒಬ್ಬರು ನಿವೃತ್ತ ಅಧಿಕಾರಿ. ಮೊಬೈಲ್ ತೆಗೆದು ಸ್ವಲ್ಪ ಹೊತ್ತು ನೋಡಿದರು. "ಅಮ್ಮಾ, ಈ ಪದಕ ಬಂದ್ ಆಗ್ಯಾದ್ರಿ. ಸ್ವಾತಂತ್ರ್ಯ ಬಂದ ವರ್ಷಕ್ಕೇ ತೆಗದ್ಹಾಕ್ಯಾರ. ಈಗಿನ ಪದಕದಾಗ ಇದು ಬರೋದಿಲ್ಲ."

"ತಮಗಾ ಬಂದ್ ಆಗ್ಯಾದ ಅಂತೀರಿ," ಎಂದಳು ಖಾಲಾ. "ಆವತ್ತ ಹೊಳಿ ಬಂದ್ ಆಗಿತ್ತೇನು? ಗುಂಡು ಬಂದ್ ಆಗಿದ್ವೇನು?"

ಒಂದಿಬ್ಬರು ನಕ್ಕರು. ಅಧಿಕಾರಿ ನಗಲಿಲ್ಲ. "ಅದು ಬ್ಯಾರೆ ದೇಶದ ರಾಜನ ಸಲುವಾಗಿ ಮಾಡಿದ್ದು ಅಲ್ಲೇನ್ರಿ?"

"ರಾಜನ ಸಲುವಾಗಿ ಹೊಳಿಗೆ ಇಳೀಲಿಲ್ಲ ನಮ್ಮಬ್ಬಾ. ನಾಲವಾರದವರ ಸಲುವಾಗಿ ಇಳದ."

ಆಗ ಇನ್ನೊಬ್ಬರು, ಪಾಪ ಸಹಾಯ ಮಾಡೋಣವೆಂದೇ ಇರಬೇಕು, "ಇರ್ಲಿರಿ, ಹಳೆ ಪದಕಾದ್ರೂ ಹೆಸರು ಇರ್ತದಲ್ಲ ಅಂಚಿನ ಮ್ಯಾಲ, ತೋರಸ್ರಿ," ಎಂದು ಕೈಚಾಚಿದರು. ಪದಕವನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನ ತಿರುಗಿಸಿದರು. ನಾನೂ ಬಗ್ಗಿ ನೋಡಿದೆ. ಅಂಚು ನುಣ್ಣಗಿತ್ತು. ರಾಜನ ಮೂಗು ಹೋಗಿತ್ತು, ಕಿವಿ ಹೋಗಿತ್ತು, ಎಲೆಗಳ ಮಾಲೆ ಎಲ್ಲೋ ಒಂದು ಕಡೆ ಉಬ್ಬಿದ ಹಾಗೆ ಕಾಣುತ್ತಿತ್ತು. ಅಂಚಿನಲ್ಲಿ ಒಂದು ಗೀರೂ ಇರಲಿಲ್ಲ. ತಾಯಿ ಮಗಳು ಸೇರಿ ಎಪ್ಪತ್ತು ವರ್ಷದ ಹಬ್ಬಗಳಲ್ಲಿ ಆ ಹೆಸರನ್ನು ತಿಕ್ಕಿ ತೆಗೆದಿದ್ದರು. ಪ್ರೀತಿಯಿಂದ ತಿಕ್ಕಿದ್ದರು, ಅಷ್ಟೇ ವ್ಯತ್ಯಾಸ.

"ಇದು ಯಾರದು ಅಂತ ಹ್ಯಾಂಗ ಹೇಳಬೇಕ್ರಿ? ಹಳೆ ರೂಪಾಯಿ ಅಂದ್ರೂ ಹೌದು," ಎಂದು ಅವರು ಪದಕವನ್ನು ಮೇಜಿನ ಮೇಲೆ ಇಟ್ಟರು.

ಖಾಲಾ ಗಾಬರಿಯಾಗಲಿಲ್ಲ. ಅವಳಿಗೆ ಗಾಬರಿಯಾಗುವ ಕಾರಣವೂ ಇರಲಿಲ್ಲ. ಹೆಸರು ಬೆಳ್ಳಿಯಲ್ಲಿ ಇಲ್ಲದಿದ್ದರೇನು, ಆ ಹೆಸರಿನಿಂದ ಬದುಕಿದ ಮನೆಯ ಮಗ ಎದುರಿಗೇ ಕೂತಿದ್ದರಲ್ಲ. ಅವಳು ಕಾಕಾನ ಕಡೆ ತಿರುಗಿ, ಸಲಿಗೆಯಿಂದ, "ಹೇಳಪಾ ತಮ್ಮಾ ಇವರಿಗಿ," ಎಂದಳು.

ಕಾಕಾನ ಕೈಯಲ್ಲಿ ಚಹಾದ ಕಪ್ಪು ಇತ್ತು. ಅದರ ಕೆನೆಯನ್ನು ಬೆರಳಿನಿಂದ ಸರಿಸಿದರು. ಆಮೇಲೆ ಅಂದರು: "ದಾಖಲಿ ಒಂದಿದ್ದಿದ್ರ ಛಲೋ ಇತ್ತು ಆಪಾ."

ಅಷ್ಟೇ. ಸುಳ್ಳು ಹೇಳಲಿಲ್ಲ ಅವರು. ಆ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ.

ಕಮಿಟಿಯವರು ಕೆಟ್ಟವರಲ್ಲ. ಮುದುಕಿಯನ್ನು ಹಾಗೆಯೇ ಕಳಿಸಬಾರದೆಂದು ಒಂದು ದಾರಿಯನ್ನೂ ಹುಡುಕಿದರು. ಕಲ್ಲಿನ ಕೆಳತುದಿಯಲ್ಲಿ 'ಶಿಲಾದಾನಿಗಳು' ಎಂದು ಬರೆಸಿ ಅಲ್ಲಿ ಅವಳ ಅಬ್ಬಾನ ಹೆಸರು ಹಾಕಿಸುತ್ತೇವೆ ಎಂದರು. ಖಾಲಾ ಪದಕವನ್ನು ಎತ್ತಿ ಸೆರಗಿನ ತುದಿಗೆ ಕಟ್ಟಿಕೊಂಡಳು. "ಕಲ್ಲು ನನ್ನ ಮಗ ಕೊಟ್ಟಾನ. ನಮ್ಮಬ್ಬಾ ಕಲ್ಲು ಕೊಟ್ಟಿಲ್ಲ," ಎಂದಳು. "ಅವನು ಕೊಟ್ಟಿದ್ದು ಬರೆಯೋದಿದ್ರ ಬರೀರಿ. ಇಲ್ಲಂದ್ರ ಬ್ಯಾಡ."

ಮನೆಗೆ ಬಂದಾಗ ಅವಳ ಮಗ ಕೂಗಾಡಿದ. ಕಲ್ಲು ಕೊಡುವುದಿಲ್ಲ, ಬೇಕಾದರೆ ಒಡೆದು ಜಲ್ಲಿ ಮಾಡುತ್ತೇನೆ ಎಂದ. ಖಾಲಾ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದಳು. "ಕೊಡ್ತೀನಂದೀನಿ, ಕೊಡು," ಎಂದಳು. "ಅದರಾಗ ಬರೋ ಉಳಿದ ಮಂದಿ ಏನು ಮಾಡ್ಯಾರ ನಮಗ? ಅವರೂ ಗುಂಡು ತಿಂದಾರ." ಅವನು ಕೊಟ್ಟ. ಒಂದೂ ಗೆರೆ ಇರದ ಕಲ್ಲು.

ದೀಪಾವಳಿ ಆದ ಮೇಲೆ ಕಲ್ಲು ತೆರೆಯುವ ಸಮಾರಂಭ. ನಾನು ಬೇಡವೆಂದೆ, ಖಾಲಾ ಹೋಗಲೇಬೇಕೆಂದಳು. ಅವಳ ಮನಸ್ಸಿನ ಮೂಲೆಯಲ್ಲಿ ಇನ್ನೂ ಒಂದು ಆಸೆ ಇತ್ತೆಂದು ನನಗೆ ಆಮೇಲೆ ಗೊತ್ತಾಯಿತು. ಶಾಮಿಯಾನದ ಹಿಂದಿನ ಕುರ್ಚಿಗಳಲ್ಲಿ ಕೂತೆವು. ವೇದಿಕೆಯ ಮೇಲೆ ಕಾಕಾ ಶಾಲು ಹೊದ್ದು ಕೂತಿದ್ದರು. ಮೈಕಿನ ಮುಂದಿದ್ದ ಹುಡುಗಿ ಒಬ್ಬೊಬ್ಬ ವೀರನ ಬಗ್ಗೆ ನಾಲ್ಕು ಮಾತು ಓದುತ್ತಿದ್ದಳು. ಮೊದಲನೆಯ ಹೆಸರಿಗೇ ಓದಿದಳು: "ತುಂಬಿ ಹರಿಯುವ ಹೊಳೆ, ಎದುರಿಗೆ ಗುಂಡಿನ ಮಳೆ. ಗಾಯಗೊಂಡ ಸಂಗಾತಿಯನ್ನು ಪಟಕಾದಿಂದ ಬೆನ್ನಿಗೆ ಬಿಗಿದುಕೊಂಡು, ಸದ್ದಿಲ್ಲದೆ ಈಜಿ ದಡ ಸೇರಿಸಿದ ಧೀರ..."

ಖಾಲಾ ನನ್ನ ಮೊಣಕೈ ಹಿಡಿದಳು. ಅವಳ ಮುಖದಲ್ಲಿ ಅಂಥ ಬೆಳಕು ನಾನು ಯಾವ ಹಬ್ಬದಲ್ಲೂ ಕಂಡಿರಲಿಲ್ಲ. "ಬೇಟಾ, ನಮ್ಮಬ್ಬಾಂದು ಹೇಳ್ಲಿಕತ್ತಾರ! ನನ್ನ ತಮ್ಮ ಮಾಡ್ಸ್ಯಾನ ನೋಡು. ಅವತ್ತ ಎಲ್ಲಾರ ಮುಂದ ಬಾಯಿ ಬಿಡಲಿಲ್ಲ ಅಷ್ಟೇ..."

ಹುಡುಗಿ ಹೆಸರು ಓದಿದಳು. ಸುಬೇದಾರರ ಹೆಸರು.

ಜನ ಚಪ್ಪಾಳೆ ತಟ್ಟಿದರು. ಕಾಕಾ ಎದ್ದು ಕೈಮುಗಿದರು. ಬರೆದವರು ಯಾರೋ, ಕಾಕಾ ಹೇಳಿ ಬರೆಸಿದರೋ, ಅರ್ಧ ಕೇಳಿದ ಯಾರೋ ತಿರುಗುಮುರುಗು ಬರೆದರೋ, ನನಗೆ ಇಂದಿಗೂ ಗೊತ್ತಿಲ್ಲ. ಕೈಮುಗಿದದ್ದನ್ನು ಮಾತ್ರ ನಾನು ಕಣ್ಣಾರೆ ನೋಡಿದೆ. ಖಾಲಾ ನನ್ನ ಮೊಣಕೈ ಬಿಟ್ಟಳು. ಚಪ್ಪಾಳೆ ನಿಲ್ಲುವವರೆಗೆ ಕೂತಿದ್ದು, "ನಡಿ, ಅಸರ್ ನಮಾಜಿನ ಹೊತ್ತಾತು," ಎಂದಳು.

ಜೋಳ ಹಾಲುಗಾಳಾಯಿತು. ಬರುವುದಿಲ್ಲವೆಂದು ನಾನು ಅಂದುಕೊಂಡಿದ್ದೆ, ಕಾಕಾ ಬಂದರು. ಪ್ರತಿ ವರ್ಷದ ಹಾಗೆ ತೆನೆಯ ಗಂಟು, ಪ್ರತಿ ವರ್ಷದ ಹಾಗೆ ಬಾಗಿಲಲ್ಲೇ "ಆಪಾ" ಎಂಬ ಕೂಗು. ಖಾಲಾ ಕೂಡ ಪ್ರತಿ ವರ್ಷದ ಹಾಗೆ "ಬಾರಪಾ, ಕುಂದರು," ಎಂದು ಚಾಪೆ ಹಾಸಿದಳು. ಮಗ ಒಳಗಿನಿಂದ ಹೊರಗೆ ಬರಲಿಲ್ಲ. ನಾನು ಕುಳ್ಳು ಹೊತ್ತಿಸಿದೆ. ತೆನೆ ಸುಟ್ಟೆವು, ತಿಕ್ಕಿದೆವು, ಖಾಲಾ ಮೊರದಲ್ಲಿ ಕೇರಿದಳು. ಹಸಿರುಗಾಳಿನಿಂದ ಹಬೆ ಏಳುತ್ತಿತ್ತು. ಕಾಕಾ ಒಂದು ಹಿಡಿ ಎತ್ತಲು ಕೈ ಚಾಚಿದರು.

"ಕತಿ?" ಎಂದಳು ಖಾಲಾ.

ಕಾಕಾ ಕೈ ಹಿಂದೆ ತೆಗೆದುಕೊಂಡರು. "ಈ ವರ್ಷ ಬ್ಯಾಡ ಬಿಡು ಆಪಾ. ಗಂಟಲು ಸರಿಯಿಲ್ಲ."

"ನಮ್ಮಬ್ಬಾ ಸತ್ತ ವರ್ಷ ನಿಮ್ಮಪ್ಪ ಅಳಕೋತ ಹೇಳಿದ. ನಿಮ್ಮಪ್ಪ ಸತ್ತ ವರ್ಷ ನೀ ಹೇಳಿದಿ. ಹೇಳು."

ಕಾಕಾ ಹೇಳಿದರು. ನೆಲ ನೋಡುತ್ತ ಶುರು ಮಾಡಿದವರು ಹೇಳುತ್ತ ಹೇಳುತ್ತ ದನಿ ಹಿಡಿದರು. ಅದೇ ಮಳೆ, ಅದೇ ಹೊಳೆ, ಅದೇ ಖಣಿಯ ಈಜು. ಬಿದ್ದವರು ಅವರ ಅಪ್ಪ, ಎತ್ತಿದವರು ಖಾಲಾನ ಅಬ್ಬಾ. ಎಲ್ಲಿಯೂ ತಪ್ಪಲಿಲ್ಲ, ಏನನ್ನೂ ಅದಲುಬದಲು ಮಾಡಲಿಲ್ಲ. ನಡುನೀರಿಗೆ ಬಂದರು. "ಲೇ, ನನ್ನ ಒಂದು ಬೂಟು ಆ ಕಡಿ ಉಳೀತಲೇ," ಎಂದರು. "ಸುಮ್ಮಕಿರಲೇ. ಬೂಟಿಗೂ ಒಂದು ತಮಗಾ ಕೊಡ್ತಾರಂದ್ರ ಹೊಳ್ಳಿ ಹೋಗ್ತೀನಿ," ಎಂದರು.

ಯಾರೂ ನಗಲಿಲ್ಲ. ಕಾಕಾ ನಮ್ಮ ಮುಖಗಳನ್ನು ನೋಡಿದರು. ಕುಳ್ಳಿನ ಕೆಂಡ ಬೂದಿಯಾಗುತ್ತಿತ್ತು.

"ಛಲೋ ಹೇಳಿದಿ," ಎಂದಳು ಖಾಲಾ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಅದು ಇದ್ದಿದ್ದರೆ ಆ ಮನುಷ್ಯನಿಗೆ ಹಗುರಾಗುತ್ತಿತ್ತು. "ನನ್ನ ಅಂಗಳದಾಗ ಹೇಳೋ ಕತಿ ಒಂದು, ಶಾಮಿಯಾನದಾಗ ಹೇಳೋ ಕತಿ ಒಂದು. ಎರಡೂ ನಿನ್ನವೇ ತಮ್ಮಾ. ಮುಂದಿನ ವರ್ಷ ಬರೋ ಮುಂಚೆ ಒಂದನ್ನ ಆರಿಸ್ಕೊ. ಶಾಮಿಯಾನದ್ದು ಆರಿಸ್ಕೊಂಡ್ರ ಸೀತನಿ ತರಬ್ಯಾಡ."

ಕಾಕಾ ಏನೋ ಹೇಳಲು ಬಾಯಿ ತೆರೆದರು. ಮಕ್ಕಳು ಮೊಮ್ಮಕ್ಕಳು, ಕಮಿಟಿ, ಊರಿನ ಮಂದಿ, ಇಂಥ ಕೆಲವು ಮಾತು ಬಂದವು. ಒಂದಕ್ಕೂ ಬಾಲವಿರಲಿಲ್ಲ. ಆಮೇಲೆ ಚಪ್ಪಲಿ ಮೆಟ್ಟಿ ಸ್ಟೇಷನ್ನಿನ ಕಡೆ ಹೋದರು. ಮೊರದಲ್ಲಿದ್ದ ಸೀತನಿಯನ್ನು ಯಾರೂ ಮುಟ್ಟಲಿಲ್ಲ. ಆರಿದ ಸೀತನಿ ಬಿರುಸಾಗುತ್ತದೆ, ಹಲ್ಲಿಗೆ ಬಗ್ಗುವುದಿಲ್ಲ. ಸಂಜೆ ಖಾಲಾ ಅದನ್ನು ಆಡಿನ ಮುಂದೆ ಸುರಿದಳು.

ಈ ವರ್ಷ ಜೋಳ ಚೆನ್ನಾಗಿ ಬಂದಿತ್ತು. ಮಳಖೇಡದ ಕಡೆ ಹೋದಾಗ ರಸ್ತೆಯ ಎರಡೂ ಬದಿ ಹೊಲಗಳಲ್ಲಿ ಹೊಗೆ ಏಳುತ್ತಿದ್ದುದನ್ನು, ಜನ ಸುತ್ತ ಕೂತು ಸೀತನಿ ತಿನ್ನುತ್ತಿದ್ದುದನ್ನು ನೋಡಿದೆ. ಆ ವಾರವೆಲ್ಲ ಖಾಲಾನ ಬಾಗಿಲು ತೆರೆದೇ ಇತ್ತು. ಮೊರ ತೊಳೆದು ಕಟ್ಟೆಯ ಮೇಲೆ ಒಣಗಲು ಇಟ್ಟಿದ್ದಳು. ರೈಲು ಬಂದು ನಿಂತ ಸದ್ದಾದಾಗ ಅವಳು ಮಾತು ನಿಲ್ಲಿಸುತ್ತಿದ್ದಳು, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರು ಮಾಡುತ್ತಿದ್ದಳು.

ಒಂದು ದಿನ ಗೋಡೆಯ ಆ ಕಡೆಯಿಂದ ಕೇಳಿದಳು: "ನಾಲವಾರದ ಕಡಿ ಸೀತನಿ ಮುಗೀತೇನೋ ಬೇಟಾ?"

"ಮುಗೀತು ಖಾಲಾ," ಎಂದೆ. "ಕಾಳು ಬಲಿತು."

"ಹೂಂ," ಎಂದಳು. ಮೊರವನ್ನು ಒಳಗೆ ತೆಗೆದುಕೊಂಡು ಹೋದ ಸದ್ದು ಕೇಳಿಸಿತು.